ಒಂಬತ್ತು ಇಂಚಿನ ಗೇಣು

ಫೆಬ್ರವರಿಯ ಕೊನೆಯಲ್ಲಿ ಇಂಡಿಯಾನಾಪೊಲಿಸ್‌ನ ಬೀದಿಯಲ್ಲಿ ಹೆಚ್ಚು ಹೊತ್ತು ನಿಲ್ಲಲಾಗದು, ಅಷ್ಟು ಚಳಿ. ಆದರೆ ಆ ವಾರ ಅಲ್ಲಿಗೆ ಬರುವವರು ಬೀದಿಗೆ ಇಳಿಯುವುದೇ ಕಡಿಮೆ. ಹೋಟೆಲುಗಳು, ಸಮ್ಮೇಳನ ಭವನ, ಲ್ಯೂಕಾಸ್ ಆಯಿಲ್ ಸ್ಟೇಡಿಯಂ ಎಲ್ಲವನ್ನೂ ಮುಚ್ಚಿದ ದಾರಿಗಳು ಜೋಡಿಸಿವೆ. ಅವುಗಳ ತುಂಬ ಎದೆಯ ಮೇಲೆ ತಂಡದ ಲಾಂಛನವಿರುವ ಜಾಕೆಟ್ ತೊಟ್ಟ ಗಂಡಸರು, ಕೈಯಲ್ಲಿ ಕಾಗದದ ಲೋಟದ ಕಾಫಿ, ಕಂಕುಳಲ್ಲಿ ಕಡತ. ಅಮೆರಿಕನ್ ಫುಟ್‌ಬಾಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ 32 ತಂಡಗಳ ಕೋಚುಗಳು, ಮ್ಯಾನೇಜರುಗಳು, ವೈದ್ಯರು, ಹೊಸ ಆಟಗಾರರನ್ನು ಹುಡುಕಿ ತೂಗುವ ಸ್ಕೌಟುಗಳು. ರಾತ್ರಿ ಇವೇ ಮುಖಗಳು ಸೇಂಟ್ ಎಲ್ಮೊ ಎಂಬ 1902ರ ಊಟದ ಮನೆಯಲ್ಲಿ ಸೇರುತ್ತವೆ. ಅಲ್ಲಿಯ ಸಿಗಡಿಯ ಮೇಲೆ ಸುರಿಯುವ ಸಾಸಿನ ಖಾರ ನಾಲಿಗೆಗಲ್ಲ, ನೇರ ನೆತ್ತಿಗೇ ಏರುವಂಥದ್ದು. ಕಣ್ಣೊರೆಸಿಕೊಳ್ಳುತ್ತಲೇ ಯಾವ ತಂಡದ ಕಣ್ಣು ಯಾರ ಮೇಲಿದೆ ಎಂಬ ಮಾತು ನಡೆಯುತ್ತದೆ. ಅರ್ಧ ನಿಜ, ಅರ್ಧ ಬೇಕೆಂದೇ ತೇಲಿಬಿಟ್ಟ ಸುಳ್ಳು.

ಇವರೆಲ್ಲ ಬಂದಿರುವುದು ಮುನ್ನೂರಕ್ಕೂ ಮಿಕ್ಕ ಕಾಲೇಜು ಹುಡುಗರನ್ನು ಪರೀಕ್ಷಿಸಲು. 1987ರಿಂದ ಈ ಊರಿನಲ್ಲಿ ನಡೆಯುತ್ತಿರುವ ಈ ಸಂತೆಗೆ 'ಕಂಬೈನ್' ಎನ್ನುತ್ತಾರೆ. ಏಪ್ರಿಲಿನ ಡ್ರಾಫ್ಟಿನಲ್ಲಿ, ಅಂದರೆ ಕಾಲೇಜು ಆಟ ಮುಗಿಸಿದ ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯಂತೆ ಆರಿಸಿಕೊಳ್ಳುವಾಗ, ಯಾರ ಹೆಸರು ಎಷ್ಟನೆಯದಾಗಿ ಕೂಗಬೇಕು ಎಂಬುದಕ್ಕೆ ಇದು ಪೂರ್ವಸಿದ್ಧತೆ. ಐಪಿಎಲ್ ಹರಾಜಿನಂತೆ ಇಲ್ಲಿ ಬೆಲೆ ಏರಿಸುವ ಪ್ರಶ್ನೆ ಇಲ್ಲ. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಆಯ್ಕೆ. ಹೀಗೆ ಏಳು ಸುತ್ತು. ಆಟಗಾರನಿಗೆ ಆಯ್ಕೆಯ ಮಾತೇ ಇಲ್ಲ, ಕರೆದ ಊರಿಗೆ ಹೋಗಬೇಕು.

ಹುಡುಗ ಚಡ್ಡಿಯಲ್ಲಿ ಬಂದು ನಿಲ್ಲುತ್ತಾನೆ. ಎತ್ತರ, ತೂಕ, ತೋಳಿನ ಉದ್ದ. ಇಂಚಿನ ಎಂಟನೇ ಒಂದು ಪಾಲನ್ನೂ ಬಿಡುವುದಿಲ್ಲ. ಕೊನೆಗೆ ಬೆರಳುಗಳನ್ನು ಎಷ್ಟಾಗುತ್ತದೋ ಅಷ್ಟು ಅಗಲಿಸಿ ಅಳತೆಪಟ್ಟಿಯ ಮೇಲೆ ಕೈ ಊರಬೇಕು. ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಗೆ ಒಂದು ಗೇಣು. ಕ್ವಾರ್ಟರ್‌ಬ್ಯಾಕ್ ಆಗುವವನಿಗೆ ಅದು 9 ಇಂಚಾದರೂ ಇರಬೇಕೆಂಬುದು ಈ ಕಸುಬಿನವರ ಹಳೆಯ ಲೆಕ್ಕ. ಚೆಂಡು 11 ಇಂಚು ಉದ್ದದ್ದು, ಎರಡೂ ತುದಿ ಚೂಪು. ಡಿಸೆಂಬರಿನ ಹಿಮಮಳೆಯಲ್ಲಿ ನೆನೆದ ಆ ಚರ್ಮ, ಹಿಂದಿನಿಂದ ನುಗ್ಗಿದ ದಾಂಡಿಗನೊಬ್ಬ ಕೈಗೆ ಹೊಡೆದಾಗ ಜಾರಬಾರದು ಎಂಬುದು ಆ ಲೆಕ್ಕದ ಹಿಂದಿನ ಆತಂಕ.

2022ರಲ್ಲಿ ಕೆನ್ನಿ ಪಿಕೆಟ್ ಎಂಬ ಹುಡುಗನ ಗೇಣು 8.5 ಇಂಚು ಎಂದು ಬಂದದ್ದೇ ದೊಡ್ಡ ಸುದ್ದಿಯಾಯಿತು. ಅವನ ಹೆಬ್ಬೆರಳ ಕೀಲು ವಿಚಿತ್ರವಾಗಿ ಬಾಗುತ್ತದೆ. ಅದಕ್ಕೂ ಮುಂಚಿನ ಒಂದು ಪ್ರದರ್ಶನ ಪಂದ್ಯದ ಹೊತ್ತಿಗೆ ಅವನು ಕೈ ಅಳೆಸಿಕೊಳ್ಳಲು ಒಪ್ಪಿರಲಿಲ್ಲ, ಬೆರಳು ಹಿಗ್ಗಿಸುವ ವ್ಯಾಯಾಮಕ್ಕೆ ಸಮಯ ಬೇಕಿತ್ತಂತೆ. ಪಿಕೆಟ್‌ಗಿಂತ ಎರಡು ವರ್ಷ ಹಿಂದೆ ಇದೇ ಪಟ್ಟಿಯ ಮೇಲೆ ಸರಿಯಾಗಿ 9 ಇಂಚು ತೋರಿಸಿದ್ದ ಜೋ ಬರೋ, ಇಷ್ಟು ಸಣ್ಣ ಕೈಯಿಂದ ಚೆಂಡು ಜಾರುತ್ತದೆಂದು ತಿಳಿದು ನಿವೃತ್ತಿಯ ಯೋಚನೆಯಲ್ಲಿದ್ದೇನೆ ಎಂದು ಟ್ವಿಟರಿನಲ್ಲಿ ತಮಾಷೆ ಮಾಡಿದ್ದ. ಆ ವರ್ಷದ ಮೊದಲ ಆಯ್ಕೆ ಅವನೇ ಆದ. ಎರಡನೆಯ ವರ್ಷಕ್ಕೆ ತನ್ನ ತಂಡವನ್ನು ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ವರೆಗೆ ಒಯ್ದ. ಪಿಕೆಟ್‌ನದು ಇನ್ನೂ ಸ್ವಾರಸ್ಯದ ಕಥೆ. ಅವನು ಆಡಿದ್ದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ. ಅದೇ ಊರಿನ ವೃತ್ತಿಪರ ತಂಡ ಸ್ಟೀಲರ್ಸ್ ಮತ್ತು ವಿಶ್ವವಿದ್ಯಾಲಯದ ತಂಡ ಅಭ್ಯಾಸ ಮಾಡುವುದು ಒಂದೇ ಆವರಣದಲ್ಲಿ, ಪಂದ್ಯ ಆಡುವುದು ಒಂದೇ ಕ್ರೀಡಾಂಗಣದಲ್ಲಿ. ಗೋಡೆಯಾಚೆ ಐದು ವರ್ಷ ಆಡಿದ ಹುಡುಗನನ್ನು ಸ್ಟೀಲರ್ಸ್ 20ನೆಯ ಆಯ್ಕೆಯಾಗಿ ತೆಗೆದುಕೊಂಡಿತು. ಎರಡು ಋತು ಕಳೆದು 2024ರ ಮಾರ್ಚಿನಲ್ಲಿ ಬೇರೆ ತಂಡಕ್ಕೆ ದಾಟಿಸಿತು. ಕೈ ಸಣ್ಣದಾಗಿದ್ದಕ್ಕೆ ಹೀಗಾಯಿತು ಎಂದು ಯಾರೂ ಹೇಳಲಿಲ್ಲ.

ನಮ್ಮ ದನದ ಜಾತ್ರೆಗಳಲ್ಲಿ ಎತ್ತಿನ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ವ್ಯಾಪಾರ ಕುದುರಿಸುವುದನ್ನು ಕಂಡವರಿಗೆ ಇಂಡಿಯಾನಾಪೊಲಿಸ್ ಅಪರಿಚಿತವೆನಿಸದು. ಆದರೆ ಅಮೆರಿಕದಲ್ಲಿ ಈ ಹೋಲಿಕೆ ತಮಾಷೆಗೆ ನಿಲ್ಲುವುದಿಲ್ಲ. ಅಲ್ಲಿ ಮನುಷ್ಯರನ್ನೇ ಕಟ್ಟೆಯ ಮೇಲೆ ನಿಲ್ಲಿಸಿ ಹಲ್ಲು ನೋಡಿ ಕೊಂಡ ಕಾಲವೊಂದಿತ್ತು. ಆಟಗಾರರಲ್ಲಿ ಬಹುಪಾಲು ಕಪ್ಪು ಜನ, ಅಳೆದು ಬರೆದುಕೊಳ್ಳುವವರಲ್ಲಿ ಬಹುಪಾಲು ಬಿಳಿಯರು. ಈ ನೋಟದ ಕಸಿವಿಸಿಯನ್ನು ಆಟಗಾರರೂ ಬರಹಗಾರರೂ ಅಲ್ಲಿ ಎಷ್ಟೋ ಸಲ ಎತ್ತಿ ಆಡಿದ್ದಾರೆ. ಅಳತೆಪಟ್ಟಿ ಮಾತ್ರ ಹೋಗಿಲ್ಲ.

ಅಷ್ಟಕ್ಕೂ ಈ ಕ್ವಾರ್ಟರ್‌ಬ್ಯಾಕ್ ಮಾಡುವ ಕೆಲಸವೇನು? ಮೈದಾನದಲ್ಲಿ ಹನ್ನೊಂದು ಜನ ಇತ್ತ, ಹನ್ನೊಂದು ಜನ ಅತ್ತ. ಶಿರಸ್ತ್ರಾಣದೊಳಗಿನ ಪುಟ್ಟ ಸ್ಪೀಕರಿನಲ್ಲಿ ಕೋಚ್ ಹೇಳುವ, ಮಂತ್ರದಷ್ಟು ಉದ್ದದ ಆಜ್ಞೆಯೊಂದನ್ನು ಅವನು ಕೇಳಿಸಿಕೊಂಡು ಉಳಿದ ಹತ್ತು ಜನಕ್ಕೆ ತಪ್ಪಿಲ್ಲದೆ ಒಪ್ಪಿಸಬೇಕು. ಆಟ ಆರಂಭಿಸಲು ಇರುವ ಗಡುವಿನ ಗಡಿಯಾರದಲ್ಲಿ 15 ಸೆಕೆಂಡು ಉಳಿದಾಗ ಆ ಸ್ಪೀಕರ್ ತಾನಾಗಿ ಬಂದ್ ಆಗುತ್ತದೆ. ಅಲ್ಲಿಂದ ಮುಂದೆ ಅವನು ಒಬ್ಬನೇ. ಎದುರಿನವರು ನಿಂತ ರೀತಿ ನೋಡಿ, ಇವರು ಹೇಗೆ ದಾಳಿ ಮಾಡುತ್ತಾರೆ ಎಂದು ಊಹಿಸಿ, ಬೇಕಾದರೆ ಆಜ್ಞೆಯನ್ನೇ ಬದಲಿಸಿ ಕೂಗಬೇಕು, ಅದೂ ಎಪ್ಪತ್ತು ಸಾವಿರ ಜನರ ಗದ್ದಲದಲ್ಲಿ. ಚೆಂಡು ಕೈಗೆ ಬಂದ ಮೇಲೆ ಸಿಗುವ ಸಮಯ ಸುಮಾರು ಎರಡೂವರೆ ಸೆಕೆಂಡು. ಅಷ್ಟರಲ್ಲಿ ಓಡುತ್ತಿರುವ ನಾಲ್ಕೈದು ಜೊತೆಗಾರರಲ್ಲಿ ಮೊದಲನೆಯವನನ್ನು ನೋಡು, ಅವನಿಗೆ ಕಾವಲಿದ್ದರೆ ಎರಡನೆಯವನು, ಇಲ್ಲವಾದರೆ ಮೂರನೆಯವನು. ಹೀಗೆ ನೋಡುವಾಗ ಕಣ್ಣು ಗುಟ್ಟು ಬಿಟ್ಟುಕೊಡಬಾರದು, ಎದುರಾಳಿಯ ಹಿಂಗಾವಲಿನವನನ್ನು ಎಡಕ್ಕೆ ನೋಡಿ ಎಡಕ್ಕೆಳೆದು ಬಲಕ್ಕೆ ಎಸೆಯಬೇಕು. ಜೊತೆಗಾರ ಇರುವಲ್ಲಿಗೆ ಅಲ್ಲ, ಅವನಿನ್ನೂ ತಲುಪದ ಖಾಲಿ ಜಾಗಕ್ಕೆ. ಎಸೆದ ಮರುಗಳಿಗೆಯಲ್ಲಿ ಯಾರೋ ಬಂದು ತನ್ನನ್ನು ನೆಲಕ್ಕೆ ಅಪ್ಪಳಿಸುತ್ತಾರೆ ಎಂಬುದು ಗೊತ್ತಿದ್ದೂ ಕಾಲು ಕದಲಿಸಬಾರದು.

ಇಷ್ಟನ್ನು ಚೆನ್ನಾಗಿ ಮಾಡಬಲ್ಲವರು ಒಂದು ಕಾಲಕ್ಕೆ ಇಡೀ ದೇಶದಲ್ಲಿ ಹತ್ತು ಹನ್ನೆರಡು ಮಂದಿ ಇದ್ದರೆ ಹೆಚ್ಚು. ತಂಡಗಳು 32.

ಕಾಲೇಜಿನ ಆಟ ನೋಡಿ ಇದನ್ನು ಕಂಡುಹಿಡಿಯಬಹುದಲ್ಲ ಎಂದರೆ, ಅಲ್ಲಿಯ ಆಟದ ಚಂದವೇ ಬೇರೆ. ಎಷ್ಟೋ ಕಾಲೇಜುಗಳಲ್ಲಿ ಹುಡುಗ ಉದ್ದದ ಆಜ್ಞೆ ಬಾಯಿಪಾಠ ಮಾಡುವುದಿಲ್ಲ. ಮೈದಾನದ ಅಂಚಿನಲ್ಲಿ ಯಾರೋ ಚಿತ್ರ ಬಿಡಿಸಿದ ಫಲಕ ಎತ್ತಿ ಹಿಡಿಯುತ್ತಾರೆ, ಎಲ್ಲರೂ ಅದನ್ನು ನೋಡಿ ಆಡುತ್ತಾರೆ. ಶಿರಸ್ತ್ರಾಣದ ಸ್ಪೀಕರ್ ದೊಡ್ಡ ಕಾಲೇಜುಗಳಿಗೂ ಬಂದದ್ದು 2024ರಲ್ಲಿ. ಬಲಿಷ್ಠ ಕಾಲೇಜಿನವನಾದರೆ ಅವನ ಮುಂದಿನ ರಕ್ಷಣಾ ಗೋಡೆ ಎಷ್ಟು ಗಟ್ಟಿಯೆಂದರೆ, ಋತುವಿಡೀ ಅವನ ಅಂಗಿಗೆ ಮಣ್ಣು ಹತ್ತಿರುವುದಿಲ್ಲ. ಅವನ ಜೊತೆಗಾರರು ಎದುರಾಳಿಗಿಂತ ಹತ್ತು ಹೆಜ್ಜೆ ಮುಂದೆ ಓಡುತ್ತಿರುತ್ತಾರೆ, ಯಾರು ಎಸೆದರೂ ಸಿಗುವಂತೆ. ದುರ್ಬಲ ಕಾಲೇಜಿನವನಾದರೆ ತದ್ವಿರುದ್ಧ: ಅವನ ತಪ್ಪೆಷ್ಟು, ಜೊತೆಗಾರರ ತಪ್ಪೆಷ್ಟು ಎಂದು ಬಿಡಿಸುವುದೇ ಕಷ್ಟ.

ಬಿಡಿಸುವ ಕೆಲಸ ಸ್ಕೌಟುಗಳದು. ಇವರ ವರ್ಷ ಶುರುವಾಗುವುದು ಆಗಸ್ಟಿನಲ್ಲಿ. ಪ್ರತಿಯೊಬ್ಬನಿಗೂ ಕೆಲವು ರಾಜ್ಯಗಳ ಹಂಚಿಕೆ, ಬಾಡಿಗೆ ಕಾರು, ಹೆದ್ದಾರಿ ಪಕ್ಕದ ಮೋಟೆಲ್. ಬೆಳಿಗ್ಗೆ ಕಾಲೇಜಿನ ಕತ್ತಲೆ ಕೋಣೆಯಲ್ಲಿ ಕೂತು ಚಿತ್ರೀಕರಣ ನೋಡುವುದು. ಟಿವಿಯಲ್ಲಿ ಬರುವ ನೋಟವಲ್ಲ ಅದು, ಎತ್ತರದಿಂದ ಇಪ್ಪತ್ತೆರಡೂ ಜನ ಒಟ್ಟಿಗೆ ಕಾಣುವಂತೆ ತೆಗೆದದ್ದು. ಒಂದೇ ಎಸೆತವನ್ನು ಹಿಂದೆ ಮುಂದೆ ಓಡಿಸಿ ಹತ್ತಾರು ಸಲ ನೋಡುತ್ತಾರೆ, ಮೊದಲು ಪಾದ, ಆಮೇಲೆ ಭುಜ, ಆಮೇಲೆ ಮುಖ ತಿರುಗಿದ ದಿಕ್ಕು. ಚೆಂಡು ಎಲ್ಲಿ ಬಿತ್ತು ಎಂಬುದು ಕೊನೆಯ ಪ್ರಶ್ನೆ. ಸೋಲುತ್ತಿರುವ ಪಂದ್ಯದ ಕೊನೆಯ ಹತ್ತು ನಿಮಿಷವನ್ನು ಬಿಡದೆ ನೋಡುತ್ತಾರೆ. ಮಧ್ಯಾಹ್ನ ಸಾಮಾನು ಕೋಣೆಯವನ ಹತ್ತಿರ, ಪಾಠದ ಉಸ್ತುವಾರಿಯವರ ಹತ್ತಿರ, ಗಾಯಕ್ಕೆ ಪಟ್ಟಿ ಕಟ್ಟುವವನ ಹತ್ತಿರ ಮಾತು. ಹುಡುಗ ಸಮಯಕ್ಕೆ ಬರುತ್ತಾನಾ, ಸೋತ ಮರುದಿನ ಯಾರ ಮೇಲೆ ರೇಗುತ್ತಾನೆ, ಟವೆಲ್ ಎಲ್ಲಿ ಎಸೆದು ಹೋಗುತ್ತಾನೆ. ಇಂಡಿಯಾನಾಪೊಲಿಸ್‌ನ ಅಳತೆಗಿಂತ ಈ ಟವೆಲಿನ ಸಂಗತಿಯಲ್ಲೇ ನನಗೆ ಹೆಚ್ಚು ನಂಬಿಕೆ. ಆದರೆ ಟಿವಿಗೆ ಬೇಕಾದದ್ದು ಓಟ ಮತ್ತು ಗೇಣು.

ಮಾರ್ಚಿನಲ್ಲಿ 'ಪ್ರೊ ಡೇ'. ಹುಡುಗ ತನ್ನ ಕಾಲೇಜಿನ ಮೈದಾನದಲ್ಲೇ, ತನಗೆ ಗೊತ್ತಿರುವ ಜೊತೆಗಾರರಿಗೆ, ವಾರಗಟ್ಟಲೆ ಅಭ್ಯಾಸ ಮಾಡಿದ ಐವತ್ತು ಅರವತ್ತು ಎಸೆತಗಳನ್ನು ಎಸೆದು ತೋರಿಸುತ್ತಾನೆ. ಎದುರಾಳಿಗಳಿಲ್ಲ. ಹೆಚ್ಚೆಂದರೆ ಅವನ ತರಬೇತುದಾರ ಉದ್ದ ಹಿಡಿಯ ಪೊರಕೆಯನ್ನೋ ಮೆತ್ತನೆಯ ದಿಂಬನ್ನೋ ಎತ್ತಿ ಅಡ್ಡ ಬಂದಂತೆ ನಟಿಸುತ್ತಾನೆ. ಅಂಚಿನಲ್ಲಿ ಕೋಟ್ಯಂತರ ಡಾಲರ್ ಖರ್ಚು ಮಾಡಬೇಕಾದ ಮಂದಿ ಕೈಕಟ್ಟಿ ನಿಂತು ನೋಡುತ್ತಾರೆ. ಇದರಷ್ಟು ಮೋಸದ ಪ್ರದರ್ಶನ ಇನ್ನೊಂದಿಲ್ಲ, ಇದರಷ್ಟು ಮರುಳು ಮಾಡುವುದೂ ಇನ್ನೊಂದಿಲ್ಲ. 2007ರಲ್ಲಿ ಲೂಸಿಯಾನಾದ ಜಮಾರ್ಕಸ್ ರಸೆಲ್ ಮಂಡಿಯೂರಿ ಕೂತು 60 ಗಜ ಎಸೆಯಬಲ್ಲ ಎಂಬ ಮಾತು ದಂತಕಥೆಯಾಗಿ ಹಬ್ಬಿತು. ರೇಡರ್ಸ್ ತಂಡ ಅವನನ್ನು ಮೊದಲ ಆಯ್ಕೆಯಾಗಿ ಕೊಂಡು, ಮೂರು ಋತುವಿಗೆ ಸಾಕಪ್ಪ ಎಂದು ಕೈಬಿಟ್ಟಿತು. ಮಂಡಿಯೂರಿ ಎಸೆಯುವ ಪ್ರಸಂಗ ಪಂದ್ಯದಲ್ಲಿ ಬರುವುದೇ ಇಲ್ಲವಲ್ಲ. 2014ರಲ್ಲಿ ಟೆಕ್ಸಸ್‌ನ ಜಾನಿ ಮಾಂಝೆಲ್ ತನ್ನ ಪ್ರೊ ಡೇಯನ್ನು ಜಾತ್ರೆಯಾಗಿಯೇ ಮಾಡಿದ. ಎಲ್ಲರೂ ಬರಿ ಅಂಗಿ ಚಡ್ಡಿಯಲ್ಲಿ ಎಸೆದರೆ ಅವನು ಶಿರಸ್ತ್ರಾಣ, ಭುಜಕವಚ ತೊಟ್ಟು ಬಂದ. ಮೈಕಿನಲ್ಲಿ ಜೋರು ಸಂಗೀತ. ಮಾಜಿ ಅಧ್ಯಕ್ಷ ಹಿರಿಯ ಬುಷ್ ಪತ್ನಿಸಮೇತ ಗಾಲ್ಫ್ ಗಾಡಿಯಲ್ಲಿ ಬಂದು ನೋಡಿದರು. 22ನೆಯವನಾಗಿ ಆಯ್ಕೆಯಾದ ಅವನ ಎನ್‌ಎಫ್‌ಎಲ್ ಆಟ ಎರಡು ಋತುವಿಗೆ ಮುಗಿಯಿತು. ಅದೇ ವರ್ಷ ಟೆಡ್ಡಿ ಬ್ರಿಜ್‌ವಾಟರ್, ಪಂದ್ಯಗಳಲ್ಲಿ ಸದಾ ತೊಡುತ್ತಿದ್ದ ಕೈಗವಸನ್ನು ಪ್ರೊ ಡೇ ದಿನ ಬಿಚ್ಚಿಟ್ಟು ಎಸೆದ. ಕೆಲವು ಎಸೆತ ತಪ್ಪಿದವು. ಮೊದಲ ಹತ್ತರಲ್ಲಿ ಹೆಸರಿಸಲಾಗುತ್ತಿದ್ದವನು 32ಕ್ಕೆ ಜಾರಿದ. ಮೂರು ವರ್ಷದ ಪಂದ್ಯಗಳ ಚಿತ್ರೀಕರಣ ಕೈಯಲ್ಲಿದ್ದೂ ಒಂದು ಬೆಳಗಿನ ಕೈಗವಸಿನ ಮೇಲೆ ತೀರ್ಪು.

ತಲೆಯ ಪರೀಕ್ಷೆಯೂ ಉಂಟು. 12 ನಿಮಿಷದಲ್ಲಿ 50 ಪ್ರಶ್ನೆಗಳ 'ವಂಡರ್ಲಿಕ್' ದಶಕಗಳ ಕಾಲ ನಡೆದು 2022ರಲ್ಲಿ ನಿಂತಿತು. ಅದರ ಜಾಗಕ್ಕೆ ಕಣ್ಣು–ಮಿದುಳಿನ ವೇಗ ಅಳೆಯುವ ಕಂಪ್ಯೂಟರ್ ಆಟಗಳು ಬಂದವು. 2023ರಲ್ಲಿ ಸಿ.ಜೆ. ಸ್ಟ್ರೌಡ್‌ಗೆ ಅದರಲ್ಲಿ ತೀರಾ ಕಡಿಮೆ ಅಂಕ ಬಂತೆಂದು ಗುಟ್ಟಾಗಿರಬೇಕಾದ ಸುದ್ದಿ ಸೋರಿತು. ಆ ವರ್ಷದ ಶ್ರೇಷ್ಠ ಹೊಸ ಆಕ್ರಮಣ ಆಟಗಾರ ಪ್ರಶಸ್ತಿ ಪಡೆದವನು ಅವನೇ. ಸಂದರ್ಶನದ್ದೇ ಇನ್ನೊಂದು ಬಗೆ: ಒಂದು ಕೋಣೆ, ಸುಮಾರು ಇಪ್ಪತ್ತು ನಿಮಿಷ, ಒಂದು ಬಿಳಿ ಹಲಗೆ. ನಿನ್ನ ಕೆಟ್ಟ ಪಂದ್ಯದ ಕೆಟ್ಟ ಎಸೆತವನ್ನು ಇಲ್ಲಿ ಬಿಡಿಸಿ ತೋರಿಸು ಎನ್ನುತ್ತಾರೆ. ಬಿಡಿಸುವಾಗ ಹುಡುಗ 'ನಾನು' ಎನ್ನುತ್ತಾನೋ 'ಅವನು' ಎನ್ನುತ್ತಾನೋ ಎಂಬುದನ್ನು ಮೂಲೆಯಲ್ಲಿ ಕೂತವನೊಬ್ಬ ಗಮನಿಸುತ್ತಿರುತ್ತಾನೆ.

ಇಷ್ಟೆಲ್ಲ ಸೋಸಿ 1998ರಲ್ಲಿ ಉಳಿದದ್ದು ಎರಡು ಹೆಸರು, ಪೇಟನ್ ಮ್ಯಾನಿಂಗ್ ಮತ್ತು ರಯನ್ ಲೀಫ್. ಯಾರು ಮೇಲು ಎಂದು ಪರಿಣತರೇ ಎರಡು ಪಾಳೆಯವಾದರು. ಲೀಫ್‌ನ ತೋಳು ಹೆಚ್ಚು ಬಲಿಷ್ಠ ಎಂದವರು ಸುಳ್ಳು ಹೇಳಿರಲಿಲ್ಲ. ಇಂಡಿಯಾನಾಪೊಲಿಸ್ ಮ್ಯಾನಿಂಗ್‌ನನ್ನು ಆರಿಸಿತು, ಮುಂದಿನ ಸರದಿಯ ಸ್ಯಾನ್ ಡಿಯೇಗೊ ಲೀಫ್‌ನನ್ನು. ಒಬ್ಬ ಐದು ಸಲ ವರ್ಷದ ಶ್ರೇಷ್ಠ ಆಟಗಾರನಾದ. ಇನ್ನೊಬ್ಬ ಅಂಕ ತಂದ 14 ಎಸೆತ, ಎದುರಾಳಿಯ ಕೈಗೆ 36 ಎಸೆತ ಎಂಬ ಲೆಕ್ಕ ಬಿಟ್ಟು ಕೆಲವೇ ವರ್ಷಗಳಲ್ಲಿ ಆಟದಿಂದಲೇ ಹೊರನಡೆದ. ಆ ಡ್ರಾಫ್ಟಿನ ಎರಡು ವರ್ಷದ ನಂತರ ಇದೇ ಕಂಬೈನ್‌ನಲ್ಲಿ 40 ಗಜವನ್ನು 5.28 ಸೆಕೆಂಡಿನಲ್ಲಿ ಕಾಲೆಳೆದುಕೊಂಡು ಓಡಿದ ಹುಡುಗನೊಬ್ಬನನ್ನು ಆರನೆಯ ಸುತ್ತಿನವರೆಗೆ ಯಾರೂ ಕೇಳಲಿಲ್ಲ. ಅವನಿಗಿಂತ ಮುಂಚೆ ಆರು ಕ್ವಾರ್ಟರ್‌ಬ್ಯಾಕ್‌ಗಳು ಆಯ್ಕೆಯಾದರು. 199ನೆಯ ಆಯ್ಕೆಯಾದ ಟಾಮ್ ಬ್ರೇಡಿ ಏಳು ಸೂಪರ್ ಬೌಲ್ ಗೆದ್ದ. ಅಂಗಿ ಬಿಚ್ಚಿ ಪೆಚ್ಚಾಗಿ ನಿಂತ ಅವನ ಅಂದಿನ ಚಿತ್ರವನ್ನು ಪ್ರತಿ ಫೆಬ್ರವರಿಯಲ್ಲೂ ಯಾರಾದರೂ ಹೊರತೆಗೆದು ನಗುತ್ತಾರೆ. ನಕ್ಕು ಮುಗಿಸಿ ಮತ್ತೆ ಗಡಿಯಾರ ಒತ್ತುತ್ತಾರೆ.

ಅಳತೆಗೆ ಸಿಗದ್ದನ್ನು ಅಳೆಯಲು ಹೊರಟಾಗ ಅಳೆಯುವವರ ಪೂರ್ವಗ್ರಹ ಸುಲಭವಾಗಿ ಒಳನುಗ್ಗುತ್ತದೆ. ಕ್ವಾರ್ಟರ್‌ಬ್ಯಾಕ್ ಎಂದರೆ ಬುದ್ಧಿಯ, ನಾಯಕತ್ವದ ಜಾಗ. ಕಪ್ಪು ಹುಡುಗರು ಓಟಕ್ಕೆ ಸರಿ, ಬುದ್ಧಿಗಲ್ಲ ಎಂಬ ಮಾತು ಬಹುಕಾಲ ಬಾಯಿಬಿಟ್ಟೇ ನಡೆಯಿತು, ಆಮೇಲೆ ವರದಿಗಳ ವಿಶೇಷಣಗಳಲ್ಲಿ ಅಡಗಿ ಕೂತಿತು. 1978ರ ರೋಸ್ ಬೌಲ್ ಎಂಬ ಕಾಲೇಜು ಪಂದ್ಯದ ಶ್ರೇಷ್ಠ ಆಟಗಾರ ವಾರನ್ ಮೂನ್‌ನನ್ನು ಆ ವರ್ಷದ ಡ್ರಾಫ್ಟಿನಲ್ಲಿ ಒಂದು ತಂಡವೂ ಕರೆಯಲಿಲ್ಲ. ಅವನು ಕೆನಡಾಕ್ಕೆ ಹೋಗಿ ಎಡ್ಮಂಟನ್ ತಂಡದೊಂದಿಗೆ ಸತತ ಐದು ವರ್ಷ ಅಲ್ಲಿಯ ಗ್ರೇ ಕಪ್ ಗೆದ್ದ. ಆಮೇಲೆ ಅಮೆರಿಕ ಕರೆಯಿತು. 2006ರಲ್ಲಿ ವೃತ್ತಿಪರ ಫುಟ್‌ಬಾಲಿನ ಕೀರ್ತಿಭವನ ಸೇರಿದ ಮೊದಲ ಕಪ್ಪು ಕ್ವಾರ್ಟರ್‌ಬ್ಯಾಕ್ ಅವನು. ಅದೆಲ್ಲ ಹಳೆಯ ಮಾತು ಎನ್ನೋಣವೆಂದರೆ 2018 ಅಡ್ಡ ಬರುತ್ತದೆ. ಕಾಲೇಜಿನ ಅತ್ಯುನ್ನತ ಹೈಸ್‌ಮನ್ ಪ್ರಶಸ್ತಿ ಗೆದ್ದಿದ್ದ ಲಮಾರ್ ಜಾಕ್ಸನ್ ಎಸೆಯುವವನಲ್ಲ, ಚೆಂಡು ಹಿಡಿಯುವ ರಿಸೀವರ್ ಆಗಲಿ ಎಂದು ದೊಡ್ಡ ದೊಡ್ಡವರೇ ಸಲಹೆಯಿತ್ತರು. ಹುಡುಗ ಜಾಣ. ಓಡಿ ತೋರಿಸಿದರೆ ಓಟಗಾರನೆಂದೇ ಹಣೆಪಟ್ಟಿ ಕಟ್ಟುತ್ತಾರೆಂದು 40 ಗಜದ ಓಟವನ್ನು ಎಲ್ಲೂ ಓಡಲೇ ಇಲ್ಲ. ನಾಲ್ಕು ಕ್ವಾರ್ಟರ್‌ಬ್ಯಾಕ್‌ಗಳ ನಂತರ, ಮೊದಲ ಸುತ್ತಿನ ಕಟ್ಟಕಡೆಯವನಾಗಿ, 32ನೆಯ ಆಯ್ಕೆಯಾದ. ಮರುವರ್ಷವೇ ಒಂದೂ ಮತ ತಪ್ಪದೆ ವರ್ಷದ ಶ್ರೇಷ್ಠ ಆಟಗಾರ.

ಹಾಗೆಂದು ಕಣ್ಣನ್ನು ನಂಬುವವರು ಸೋತರು, ಅಂಕಿಯನ್ನು ನಂಬುವವರು ಗೆದ್ದರು ಎನ್ನುವಂತೆಯೂ ಇಲ್ಲ. ಅದೇ 2018ರಲ್ಲಿ ವಯೋಮಿಂಗ್‌ನ ಜೋಶ್ ಆಲನ್‌ನ ಎಸೆತಗಳಲ್ಲಿ ಗುರಿ ಮುಟ್ಟಿದ್ದು ನೂರಕ್ಕೆ 56. ಇಂಥವನು ಮೇಲೆ ಬರುವುದಿಲ್ಲ ಎಂದು ಅಂಕಿಯವರು ಷರಾ ಬರೆದರು. ಬಫಲೋ ತಂಡ ಏಳನೆಯವನಾಗಿ ಕರೆದುಕೊಂಡು, ತಾಳ್ಮೆಯಿಂದ ತಿದ್ದಿತು. 2024ರ ಶ್ರೇಷ್ಠ ಆಟಗಾರ ಅವನು. ಪ್ಯಾಟ್ರಿಕ್ ಮಹೋಮ್ಸ್ 2017ರಲ್ಲಿ ಹತ್ತನೆಯವನು. ಅವನಿಗಿಂತ ಮುಂಚೆ, ಎರಡನೆಯವನಾಗಿ, ಶಿಕಾಗೊ ಆರಿಸಿದ ಹುಡುಗ ಇಂದು ನೆನಪಾಗುವುದು ಮಹೋಮ್ಸ್ ಮಾತು ಬಂದಾಗ ಮಾತ್ರ. ಆದರೆ ಮಹೋಮ್ಸ್‌ಗೆ ಕ್ಯಾನ್ಸಸ್ ಸಿಟಿಯಲ್ಲಿ ಒಂದು ವರ್ಷ ಹಿರಿಯನೊಬ್ಬನ ಹಿಂದೆ ಕೂತು ಕಲಿಯುವ ಅವಕಾಶವಿತ್ತು, ಆ್ಯಂಡಿ ರೀಡ್‌ನಂಥ ಕೋಚ್ ಇದ್ದ. ಅವನೇ ಶಿಕಾಗೊಗೆ ಹೋಗಿದ್ದರೆ? ಪರೀಕ್ಷೆ ನಡೆಯುವುದು ಹುಡುಗನಿಗೆ ಮಾತ್ರ. ಅವನು ಕಾಲಿಡಲಿರುವ ಮನೆ ಹೇಗಿದೆ ಎಂದು ಅಳೆಯುವ ಪಟ್ಟಿಯನ್ನು ಯಾರೂ ಇಂಡಿಯಾನಾಪೊಲಿಸ್‌ಗೆ ತರುವುದಿಲ್ಲ. ಕೆಟ್ಟ ತಂಡಕ್ಕೇ ಮೊದಲ ಆಯ್ಕೆ ಸಿಗುವ ಪದ್ಧತಿಯಲ್ಲಿ, ಆ ವರ್ಷದ ಅತ್ಯುತ್ತಮನೆಂದು ಎಣಿಸಲಾದವನು ಹೆಚ್ಚಾಗಿ ಹೋಗಿ ಬೀಳುವುದು ಅತ್ಯಂತ ಹದಗೆಟ್ಟ ಮನೆಗೆ.

ಕೇಡ್ ಮ್ಯಾಸಿ ಮತ್ತು ಮುಂದೆ ಅರ್ಥಶಾಸ್ತ್ರದ ನೊಬೆಲ್ ಪಡೆದ ರಿಚರ್ಡ್ ಥೇಲರ್ ಡ್ರಾಫ್ಟಿನ ಲೆಕ್ಕ ತೆಗೆದು ನೋಡಿದ್ದಾರೆ. ಒಂದೇ ಸ್ಥಾನಕ್ಕೆ ಒಬ್ಬರ ಹಿಂದೊಬ್ಬರು ಆಯ್ಕೆಯಾದ ಇಬ್ಬರಲ್ಲಿ ಮೊದಲಿನವನೇ ಚೆನ್ನಾಗಿ ಆಡುವ ಸಂಭವ ನಾಣ್ಯ ಚಿಮ್ಮುವುದಕ್ಕಿಂತ ತುಸುವೇ ಮೇಲು. ಇದು ಗೊತ್ತಿದ್ದೂ ತಂಡಗಳು ಮೇಲಿನ ಸರದಿಗಾಗಿ ಮುಂದಿನ ವರ್ಷಗಳ ಆಯ್ಕೆಗಳನ್ನೆಲ್ಲ ಅಡವಿಡುತ್ತವೆ. ಇದರಲ್ಲಿ ದುಡ್ಡಿನ ತರ್ಕವೂ ಇದೆ. 2010ರ ಮೊದಲ ಆಯ್ಕೆ ಸ್ಯಾಮ್ ಬ್ರ್ಯಾಡ್‌ಫರ್ಡ್‌ಗೆ ಆರು ವರ್ಷಕ್ಕೆ 7.8 ಕೋಟಿ ಡಾಲರ್. ಮರುವರ್ಷ ನಿಯಮ ಬದಲಾಗಿ ಕ್ಯಾಮ್ ನ್ಯೂಟನ್‌ಗೆ ನಾಲ್ಕು ವರ್ಷಕ್ಕೆ ಸುಮಾರು 2.2 ಕೋಟಿ. ಹೊಸಬ ಗೆದ್ದರೆ ತಂಡಕ್ಕೆ ಲಾಟರಿ ಹೊಡೆದಂತೆ. ಸೋತರೆ ಮ್ಯಾನೇಜರನ ತಲೆದಂಡ. ಈ ಅಳತೆ, ಓಟ, ಗೇಣುಗಳೆಲ್ಲ ಹುಡುಗನ ಬಗ್ಗೆ ತಿಳಿಯಲು ಎಷ್ಟು ನೆರವಾಗುತ್ತವೋ, ಮುಂದೆ ಮಾಲೀಕನೆದುರು ನಿಂತಾಗ ಎಲ್ಲ ನೋಡಿಯೇ ಆರಿಸಿದ್ದೆವು ಎನ್ನಲು ಅದಕ್ಕಿಂತ ಹೆಚ್ಚು ನೆರವಾಗುತ್ತವೆ.

ಏಪ್ರಿಲಿನ ಆ ಗುರುವಾರ ರಾತ್ರಿ ಎಂಟಕ್ಕೆ ಅಲ್ಲಿ ಡ್ರಾಫ್ಟ್ ಶುರುವಾದಾಗ ನಮ್ಮಲ್ಲಿ ಶುಕ್ರವಾರ ಬೆಳಗಿನ ಐದೂವರೆ, ಹಾಲಿನವನು ಬರುವ ಹೊತ್ತು. 1936ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಕರಿಹಲಗೆಯ ಮೇಲೆ ಬರೆದ ತೊಂಬತ್ತು ಹೆಸರಿನಿಂದ ಮೊದಲ ಡ್ರಾಫ್ಟ್ ನಡೆದಿತ್ತು. ಅಂದು ಮೊದಲನೆಯವನಾಗಿ ಆಯ್ಕೆಯಾದ ಜೇ ಬರ್ವಾಂಗರ್ ಕೊಡುವ ಸಂಬಳ ತನಗೆ ಸಾಲದೆಂದು ಒಂದು ಪಂದ್ಯವನ್ನೂ ಆಡಲಿಲ್ಲ. ಈಗ ಊರೂರಿಗೆ ಸುತ್ತುವ ಉತ್ಸವ. 2024ರಲ್ಲಿ ಡೆಟ್ರಾಯಿಟ್‌ನಲ್ಲಿ ಮೂರು ದಿನಕ್ಕೆ ಏಳು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು. ಸೂಟು ತೊಟ್ಟ ಹುಡುಗರು, ಅಮ್ಮಂದಿರು, ಮೇಜಿನ ಮೇಲೆ ಕವುಚಿಟ್ಟ ಫೋನು. ಕ್ಯಾಮೆರಾಗಳಿಗೆ ಆಯ್ಕೆಯಾದವನಿಗಿಂತ ಆಗದವನ ಮೇಲೆ ಪ್ರೀತಿ ಜಾಸ್ತಿ. 2005ರಲ್ಲಿ ನ್ಯೂಯಾರ್ಕಿನಲ್ಲಿ ಆ್ಯರನ್ ರಾಜರ್ಸ್‌ನ ಮುಖವನ್ನು 24ನೆಯ ಸರದಿ ಬರುವವರೆಗೆ ಗಂಟೆಗಟ್ಟಲೆ ತೋರಿಸಿದರು. 2025ರಲ್ಲಿ, ಮೊದಲ ಸುತ್ತಿನಲ್ಲೇ ಹೋಗಬಹುದೆಂದು ಹಲವರು ಬರೆದಿದ್ದ ಶೆಡೂರ್ ಸ್ಯಾಂಡರ್ಸ್ ಮೂರನೆಯ ದಿನದವರೆಗೆ ಕಾದ. ನಡುವೆ ಯಾರೋ ಕಿಡಿಗೇಡಿ ತಂಡದ ಮ್ಯಾನೇಜರನ ಹೆಸರಿನಲ್ಲಿ ಫೋನ್ ಮಾಡಿ ಗೇಲಿಯನ್ನೂ ಮಾಡಿದ. ಕಡೆಗೆ 144ನೆಯವನಾಗಿ ಅವನನ್ನು ಕರೆದ ಕ್ಲೀವ್‌ಲ್ಯಾಂಡ್, ಹಿಂದಿನ ದಿನವಷ್ಟೇ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಂಡಿತ್ತು.

ಈ ಕಸುಬಿನ ಎರಡೂ ತುದಿ ಒಂದೇ ಮನೆಯಲ್ಲಿ ಕಂಡದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ. 2021ರಲ್ಲಿ ಆ ತಂಡ ಮೂರನೆಯ ಸರದಿಗೆ ಏರಲು ಮೂರು ಮೊದಲ ಸುತ್ತಿನ ಆಯ್ಕೆಗಳನ್ನು ತೆತ್ತು ಟ್ರೇ ಲ್ಯಾನ್ಸ್‌ನನ್ನು ತಂದಿತು. ಎತ್ತರ, ತೋಳು, ಓಟ, ಮಾತು ಎಲ್ಲ ಸರಿಯಿತ್ತು. ಕಾಲೇಜಿನಲ್ಲಿ ಅವನು ಆರಂಭದಿಂದ ಆಡಿದ ಪಂದ್ಯಗಳು ಮಾತ್ರ 17. ಮರುವರ್ಷ, 262 ಹೆಸರುಗಳ ಡ್ರಾಫ್ಟಿನಲ್ಲಿ ಕಟ್ಟಕಡೆಯ 262ನೆಯವನಾಗಿ ಅದೇ ತಂಡ ಬ್ರಾಕ್ ಪರ್ಡಿಯನ್ನು ಕರೆಯಿತು. ಅಯೋವಾದಲ್ಲಿ ನಾಲ್ಕು ವರ್ಷ ಆಡಿದ್ದ ಅವನದು ಸಾಧಾರಣ ಎತ್ತರ, ಸಾಧಾರಣ ತೋಳು. ಕೊನೆಯವನಾಗಿ ಆಯ್ಕೆಯಾದವನಿಗೆ 'ಲೆಕ್ಕಕ್ಕಿಲ್ಲದ ಮಹಾಶಯ' ಎಂದು ಬಿರುದು ಕೊಟ್ಟು ಗೇಲಿ ಮಾಡುವುದು ಅಲ್ಲಿಯ ಹಳೆಯ ವಾಡಿಕೆ. ಲ್ಯಾನ್ಸ್‌ನ ಕಾಲಿನ ಕೀಲು ಮುರಿಯಿತು, ಬದಲಿ ಆಟಗಾರನ ಪಾದಕ್ಕೂ ಪೆಟ್ಟಾಯಿತು, ಡಿಸೆಂಬರಿನಲ್ಲಿ ಪರ್ಡಿ ಮೈದಾನಕ್ಕಿಳಿದ. 2024ರ ಫೆಬ್ರವರಿಯಲ್ಲಿ ಅವನ ತಂಡ ಸೂಪರ್ ಬೌಲ್‌ನಲ್ಲಿತ್ತು. ಮರುವರ್ಷ ಮೇ ತಿಂಗಳಲ್ಲಿ ಐದು ವರ್ಷಕ್ಕೆ 26.5 ಕೋಟಿ ಡಾಲರಿನ ಒಪ್ಪಂದಕ್ಕೆ ಅವನು ಸಹಿ ಹಾಕಿದ. ಲ್ಯಾನ್ಸ್‌ನನ್ನು ಅಷ್ಟರೊಳಗೆ ಡಲ್ಲಾಸ್‌ಗೆ ಕೊಟ್ಟಾಗಿತ್ತು, ನಾಲ್ಕನೆಯ ಸುತ್ತಿನ ಒಂದು ಆಯ್ಕೆಗೆ.